ಆರು ಬೆಟ್ಟು ಮದ್ದು

ನಮ್ಮ ನಡುಮನೆಗೆ ಒಂದು ವಾಸನೆ ಇತ್ತು. ಹರಳೆಣ್ಣೆ, ಹಳೆಯ ಕಬ್ಬಿಣ, ಅದರ ಹಿಂದೆ ಎಲ್ಲೋ ಸುಟ್ಟ ಗಂಧಕ. ಈ ವಯಸ್ಸಿನಲ್ಲಿ ಮಧ್ಯಾಹ್ನ ಉಂಡು ಗೋಡೆಗೊರಗಿ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ವಾಸನೆ, ಆಮೇಲೆ ನಿಧಾನವಾಗಿ ಮನೆ. ಗವಾಕ್ಷಿಯಿಂದ ಇಳಿದ ಬಿಸಿಲು ರಾಗಿಯ ಗುಡಾಣದ ಮೇಲಿಂದ ನೆಲಕ್ಕೆ ಜಾರಿ, ನೆಲದಿಂದ ಗೋಡೆ ಹತ್ತಿ, ಅಲ್ಲಿ ಎರಡು ಮರದ ಗೂಟಗಳ ಮೇಲೆ ಮಲಗಿದ್ದ ಅಜ್ಜನ ಕೋವಿಯ ನಳಿಗೆಯನ್ನು ಒಂದು ಗಳಿಗೆ ಮುಟ್ಟುತ್ತಿತ್ತು. ಮುಟ್ಟಿದ ಕೂಡಲೆ ನಳಿಗೆಯ ಮೇಲಿನ ಹೂಬಳ್ಳಿಯ ಕೆತ್ತನೆ ಎದ್ದು ಕಾಣುತ್ತಿತ್ತು. ಮತ್ತೆ ಬಿಸಿಲು ಹೋದರೆ ಬರೀ ಕಬ್ಬಿಣ. ಬಿಸಿಲು ಕೋವಿ ಮುಟ್ಟಿತು ಅಂದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ, ಯಾರಿಗೂ ಅದು ಬೇಕೂ ಆಗಿರಲಿಲ್ಲ.

ಅಜ್ಜನನ್ನು ನಾನು ಕಂಡವಳಲ್ಲ. ಕಂಡಿದ್ದು ಅವನ ಕೋವಿಯನ್ನು. ಅದು ಬಾಯಿಂದ ತುಂಬುವ ಕೇಪಿನ ಕೋವಿ. ನಳಿಗೆಯ ಬಾಯಿಗೆ ಮದ್ದು ಸುರಿದು, ತೆಂಗಿನ ನಾರನ್ನು ಉಂಡೆ ಕಟ್ಟಿ ತುರುಕಿ, ಗಜದ ಕಡ್ಡಿಯಿಂದ ಕುಟ್ಟಿ, ಮೇಲೆ ಸೀಸದ ಚರೆ ಹಾಕಿ, ಮತ್ತೆ ನಾರು, ಮತ್ತೆ ಕುಟ್ಟು. ಕೊನೆಗೆ ನಳಿಗೆಯ ಹಿಂದಿನ ಮೊಲೆತೊಟ್ಟಿನಂಥ ಮೂತಿಗೆ ಕಡಲೆಕಾಳಿನಷ್ಟು ತಾಮ್ರದ ಕೇಪು ಸಿಕ್ಕಿಸಿದರೆ ಕೋವಿ ಸಿದ್ಧ. ಅಜ್ಜ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿರುತ್ತಿದ್ದನಂತೆ, ಒಳಗೆ ಇಷ್ಟೂ ಕೆಲಸ ಮಾಡುತ್ತಿದ್ದವಳು ಅಜ್ಜಿ. ಎಷ್ಟು ತುಂಬಿದೆ ಎಂದು ತಿಳಿಯಲು ತಕ್ಕಡಿ ಇಲ್ಲ, ಪಾವು ಇಲ್ಲ. ಖಾಲಿ ನಳಿಗೆಯೊಳಗೆ ಬಿಟ್ಟರೆ ಗಜದ ಕಡ್ಡಿ ಬಾಯಿಯ ಸಮಕ್ಕೆ ನಿಲ್ಲುತ್ತಿತ್ತು. ತುಂಬಿದ ಮೇಲೆ ಬಿಟ್ಟರೆ ಒಂದಿಷ್ಟು ಹೊರಗೆ ಉಳಿಯುತ್ತಿತ್ತು. ಹೊರಗೆ ಉಳಿದದ್ದನ್ನು ಬೆರಳು ಅಡ್ಡ ಇಟ್ಟು ಅಳೆಯುವುದು. ನಮ್ಮ ಕಡೆ ಬೆರಳಿಗೆ ಬೆಟ್ಟು ಅನ್ನುತ್ತೇವೆ. ಮೊಲಕ್ಕೆ ನಾಕು ಬೆಟ್ಟು, ಹಂದಿಗೆ ಆರು.

"ಕೋವಿಗೂ ಗಂಡಸ್ಗೂ ಒಟ್ಟೆ ಬಿರಿಯಂಗೆ ತುಂಬ್ಬಾರ್ದು ಕಣೆ ನಿಂಗಿ. ಎರಡೂ ಒದೀತವೆ" ಎಂದು ಅಜ್ಜಿ ನನಗೆ ಹೇಳಿ ತಾನೇ ನಗುತ್ತಿದ್ದಳು. ಅವಳಿಗೆ ಹಲ್ಲು ಇರಲಿಲ್ಲ, ನಗುವಾಗ ಮುಖವೆಲ್ಲ ಬಾಯಿಯೊಳಗೆ ಹೋಗಿಬಿಡುತ್ತಿತ್ತು.

ಹಳೆಯದೆಲ್ಲ ಚಿನ್ನ ಎಂದು ಎದೆ ಬಡಿದುಕೊಳ್ಳುವ ಮುದುಕಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ. ಚಿಕ್ಕಪ್ಪ ಹೊಸ ಕೋವಿ ತಂದ ದಿನ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಬ್ಲಫ್‌ನಲ್ಲಿ, ಅಂದರೆ ಶಿವನಸಮುದ್ರದ ಕರೆಂಟು ಮನೆಯಲ್ಲಿ, ದೊಡ್ಡ ಕೆಲಸದಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟವನು ಸಾಮಾನೆಲ್ಲ ಮಾರುತ್ತಿದ್ದ. ಅಪ್ಪನ ತಮ್ಮ ಪುಟ್ಟಸ್ವಾಮಿ, ನನ್ನ ಚಿಕ್ಕಪ್ಪ, ಗಾಡಿ ಕಟ್ಟಿಕೊಂಡು ಹೋಗಿ ಅವನ ಜೋಡಿನಳಿಗೆಯ ತೋಟಾ ಕೋವಿ ತಂದ. ಬಟ್ಟೆ ಬಿಚ್ಚಿದಾಗ ಅದರ ಮರ ಎಳೆಗರುವಿನ ಮೈಯ ಹಾಗೆ ಮಿನುಗಿತು. ನಡು ಮುರಿದು, ಮದ್ದು ಚರೆ ಮೊದಲೇ ತುಂಬಿ ಬಂದ ಎರಡು ತೋಟಾ ಇಟ್ಟು, ಟಕ್ ಎಂದು ಮುಚ್ಚಿದರೆ ಆಯಿತು. ಕುಟ್ಟುವುದಿಲ್ಲ, ಅಳೆಯುವುದಿಲ್ಲ, ಕೈ ಮಸಿಯಾಗುವುದಿಲ್ಲ. ಒಂದರ ಹಿಂದೆ ಒಂದು ಎರಡು ಈಡು. ಅಜ್ಜನ ಕೋವಿ ಒಂದು ಈಡು ಹಾರಿಸಿದರೆ ಹೊಗೆ ಕರಗುವ ತನಕ ಮುಂದಿರುವುದು ಹಂದಿಯೋ ಹೆಂಡತಿಯೋ ಕಾಣುತ್ತಿರಲಿಲ್ಲವಂತೆ. ಮಳೆಗಾಲದಲ್ಲಂತೂ ಅದಕ್ಕೆ ನೆಗಡಿ ಬಂದ ಹಾಗೆ, ಕೇಪು ಚಟ್ ಎನ್ನುವುದು, ಮದ್ದು ಹತ್ತದೇ ಇರುವುದು. ಚಿಕ್ಕಪ್ಪನ ಸಂತೋಷ ನ್ಯಾಯವಾದದ್ದೇ. ಅವನು ಬಾಯಿ ಮುಚ್ಚಿಕೊಂಡು ಸಂತೋಷಪಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆಯುಧಪೂಜೆ ಬಂತು. ಪ್ರತಿ ವರ್ಷ ನಡುಮನೆಯಲ್ಲಿ ಮಣೆ ಹಾಕಿ, ನಡುವೆ ಅಜ್ಜನ ಕೋವಿ, ಅದರ ಎಡಬಲಕ್ಕೆ ಕುಡುಗೋಲು, ಗುಳ, ಮಚ್ಚು, ಎಲ್ಲಕ್ಕೂ ಕುಂಕುಮ. ಆ ವರ್ಷ ಅಜ್ಜಿ ಹೂ ಕಟ್ಟಿಕೊಂಡು ಹಿತ್ತಲಿಂದ ಒಳಗೆ ಬಂದಾಗ ನಡುವೆ ಹೊಸ ಕೋವಿ ಇತ್ತು. ಅಜ್ಜನದು ಗುದ್ದಲಿಯ ಪಕ್ಕದಲ್ಲಿ ಗೋಡೆಗೊರಗಿ ನಿಂತಿತ್ತು. ಕುಂಕುಮ ಇಡಲು ಬಗ್ಗಿದವಳು ಹಾಗೇ ನಿಂತಳು.

"ಯಾಕ್ಲಾ ಪುಟ್ಸಾಮಿ, ನಿಮ್ಮಪ್ಪನ್ನ ತಕ್ಕೊಂಡೋಗಿ ಮೂಲೇಲಿ ಮಡಗಿದ್ದೀಯ?"

"ಅದೇನ್ ಕೋವಿನಾ ಬುಡವ್ವ? ಸಬ್ಬಲ್ಲು. ಮಳವಳ್ಳಿ ಗುಜ್ರಿಯೋನ್ಗೆ ಆಕಿದ್ರೆ ಒಂದು ಬಾಣಲಿನಾದ್ರೂ ಬರ್ತದೆ."

ನೆಂಟರು ಇದ್ದರು, ಅವರಲ್ಲೊಬ್ಬರು ಕಿಸಕ್ಕನೆ ನಕ್ಕರು. ಆ ನಗುವೇ ಕೆಡಿಸಿದ್ದು. ಅಜ್ಜಿ ಹೂವನ್ನು ಕೆಳಗಿಟ್ಟಳು.

"ನನ್ ಗಂಡನ್ನ ಗುಜ್ರಿಗೆ ಆಕು ಅಂದಂಗಾಯ್ತು ಕಣ್ಲಾ. ಇವತ್ತಿಂದ ನಿನ್ ಕುಟೆ ನಂಗೆ ಮಾತಿಲ್ಲ."

"ಬ್ಯಾಡ ಬುಡು. ನಂಗೂ ಬ್ಯಾಡ" ಎಂದ ಚಿಕ್ಕಪ್ಪ. ಇಬ್ಬರದೂ ಒಂದೇ ಮೂಗು, ಒಂದೇ ಹಟ. ಆ ವರ್ಷ ಕೋವಿಗಳಿಗೆ ಕುಂಕುಮ ಇಟ್ಟವಳು ನಮ್ಮವ್ವ, ಎರಡಕ್ಕೂ ಸಮನಾಗಿ.

ಒಂದು ದಿನದ ಮುನಿಸು ಎಂದುಕೊಂಡೆವು. ಎರಡು ವರ್ಷ ಹೋಯಿತು. ಒಂದೇ ಮನೆ, ಒಂದೇ ಒಲೆ, ಒಂದೇ ತಪ್ಪಲೆಯ ಉಪ್ಸಾರು, ತಾಯಿಗೂ ಮಗನಿಗೂ ಮಾತಿಲ್ಲ. ಅಪ್ಪ ಎಲ್ಲದಕ್ಕೂ ಹೂಂ ಅನ್ನುವ ಮನುಷ್ಯ, ಕೋವಿಯ ಸದ್ದಿಗೇ ಅವನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ನಡುವೆ ಬರಲಿಲ್ಲ. ಅವ್ವ ಸೊಸೆ, ಅವಳಿಗೆ ಆ ಉಸಾಬರಿ ಬೇಡ. ಉಳಿದವಳು ನಾನು. ಹತ್ತು ವರ್ಷದ ಹುಡುಗಿ ಆ ಮನೆಯ ಟಪಾಲು ಆದೆ. ಊಟಕ್ಕೆ ಕೂತಾಗ ಅಜ್ಜಿ ಮಗನ ತಟ್ಟೆಯನ್ನೇ ನೋಡುತ್ತಾ ನನಗೆ ಹೇಳುತ್ತಿದ್ದಳು, "ಇನ್ನೊಂದು ಮುದ್ದೆ ನುಂಗ್ತದಾ ಕೇಳು ಅದು, ಎಮ್ಮೆ ಬಿದ್ದಂಗೆ ಬಿದ್ದಿರ್ತದೆ ಮೂರೊತ್ತೂ." ಒಂದು ಮಾರು ದೂರದಲ್ಲಿ ಕೂತ ಚಿಕ್ಕಪ್ಪ ಕೇಳಿಸಿಯೂ ಕೇಳಿಸದವನ ಹಾಗೆ ನನ್ನ ಮುಖ ನೋಡುತ್ತಿದ್ದ. ನಾನು, "ಚಿಕ್ಕಪ್ಪ, ಇನ್ನೊಂದು ಮುದ್ದೆ ಬೇಕಾ ಅಂತ ಅಜ್ಜಿ ಕೇಳ್ತದೆ" ಎನ್ನುತ್ತಿದ್ದೆ. ಅವನು, "ಬ್ಯಾಡ ಅನ್ನು" ಎನ್ನುತ್ತಿದ್ದ. ನಾನು, "ಸಾರು ಸಂದಾಕದಂತೆ ಅಜ್ಜಿ, ಒಟ್ಟೆ ತುಂಬ್ತಂತೆ" ಎನ್ನುತ್ತಿದ್ದೆ.

ಇಬ್ಬರೂ ಒಂದೇ ಮನೆಯಲ್ಲಿದ್ದಾಗ ಹೀಗೆ. ಒಬ್ಬರು ಹೊಲದಲ್ಲಿ ಒಬ್ಬರು ಮನೆಯಲ್ಲಿ ಇದ್ದರೆ ನನ್ನ ಕೈ ಇನ್ನೂ ಉದ್ದವಾಗುತ್ತಿತ್ತು. ಅಜ್ಜಿ, "ಆ ಮುಂಡೇದ್ಕೆ ಇಟ್ಟು ಕಟ್ಟೀವ್ನಿ, ತಿಂದ್ರೆ ತಿನ್ಲಿ ಬುಟ್ರೆ ಬುಡ್ಲಿ ಅನ್ನು" ಎಂದರೆ, ಗದ್ದೆಯ ಬದುವಿನ ಮೇಲೆ ನಡೆಯುತ್ತಾ ಮುಂಡೇದನ್ನು ಕಾಲುವೆಗೆ ಬಿಡುತ್ತಿದ್ದೆ, ಬುಟ್ರೆ ಬುಡ್ಲಿಯನ್ನು ಹುಣಸೆಮರದ ಬುಡದಲ್ಲಿ ಬಿಡುತ್ತಿದ್ದೆ. ಕಬ್ಬಿನ ಗದ್ದೆ ಮುಟ್ಟುವ ಹೊತ್ತಿಗೆ "ಬಿಸಿ ಆರೋಗದ್ರಾಗೆ ಉಣ್ಣಂತೆ ಮಗಾ" ಎಂದು ಆಗಿರುತ್ತಿತ್ತು. ಮೊದಲು ಮುಳ್ಳು ತೆಗೆಯುತ್ತಿದ್ದೆ, ಆಮೇಲೆ ಬೆಲ್ಲ ಹಾಕುವುದೂ ಕಲಿತೆ. ಆ ನಡಿಗೆಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ತಲೆಯ ಮೇಲೆ ಬುತ್ತಿ, ಎರಡು ಕಡೆ ನೀರು, ನೀರಿನಲ್ಲಿ ಮೋಡ, ನನ್ನ ಬಾಯಿಯಲ್ಲಿ ಬೇರೆಯವರ ಮಾತು. ನನಗೆ ಬೇಕಾಗಿದ್ದದ್ದು ಒಂದೇ. ಅವರಿಬ್ಬರೂ ಒಂದು ಸಲ, ಒಂದೇ ಒಂದು ಸಲ, ಮುಖ ನೋಡಿ ಮಾತಾಡಬೇಕು. ಬೆಲ್ಲ ಹಾಕುತ್ತಾ ಹೋದರೆ ಒಂದು ದಿನ ಆಗಿಯೇ ಆಗುತ್ತದೆ ಎಂದು ನಾನು ನಂಬಿದ್ದೆ.

ಅಷ್ಟರಲ್ಲಿ ಎಲ್ಲೋ ಯುದ್ಧ ಶುರುವಾಗಿ, ನಮ್ಮಲ್ಲಿ ಸೀಮೆಎಣ್ಣೆ ಸಿಗದಂತಾಯಿತು, ಬಟ್ಟೆ ಸಿಗದಂತಾಯಿತು, ಅದರ ಹಿಂದೆಯೇ ತೋಟಾ. ಚಿಕ್ಕಪ್ಪನ ಹತ್ತಿರ ಇದ್ದ ಪೆಟ್ಟಿಗೆ ಮುಗಿಯಿತು. ಕಾಲುವೆ ನೀರು ಬಂದ ಮೇಲೆ ನಮ್ಮದು ಹೊಸ ಕಬ್ಬು, ಬೆಟ್ಟದ ಕಡೆಯ ಹಂದಿಗಳಿಗೆ ಅದರ ರುಚಿ ಹತ್ತಿತ್ತು. ಒಂದು ಹಿಂಡು ನುಗ್ಗಿದರೆ ತಿನ್ನುವುದು ಒಂದು ಪಾಲು, ಉರುಳಿಸಿ ಹೋಗುವುದು ಮೂರು ಪಾಲು. ಸಂತೆಯ ದಿನ ಚಿಕ್ಕಪ್ಪ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮಳವಳ್ಳಿಗೆ ಹೋದ. ಅಲ್ಲಿ ಕೋವಿ ರಿಪೇರಿ ಮಾಡುವ ದಸ್ತಗೀರ್ ಸಾಬರ ಅಂಗಡಿ. ಸಾಬರು ಹೊಸ ಕೋವಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂಸನ್ನು ನೋಡುವಂತೆ ನೋಡಿದರು.

"ಬೋ ಚೆಂದಾಗೈತೆ ಗೌಡ್ರೆ. ಆದ್ರೆ ಇದು ಕಂಪ್ನಿ ಕೊಟ್ಟಿದ್ದೇ ತಿನ್ನೋದು. ಕಂಪ್ನಿ ಕೊಡ್ಲಿಲ್ಲ, ಉಪಾಸ. ತೋಟಾ ಎಲ್ಲಾ ಲಡಾಯಿಗೆ ಓಯ್ತು, ನಾನೆಲ್ಲಿಂದ ತರ್ಲಿ? ನಿಮ್ಮಪ್ಪಂದು ಅಂಗಲ್ಲ. ನಮ್ ಮದ್ದು, ನಿಮ್ ತೆಂಗಿನ ನಾರು, ಒಡೆದ ಸೀಸ, ಏನ್ ಕೊಟ್ರೂ ಉಂಡ್ಕೊಂಡು ಕ್ಯಾಮೆ ಮಾಡ್ತದೆ. ಮನೆ ಮಗ ಇದ್ದಂಗೆ ಅದು. ಇದು ನೆಂಟ."

ಚಿಕ್ಕಪ್ಪ ಜೋಡಿನಳಿಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಸಾಬರಿಂದ ಒಂದು ಬುರುಡೆ ಮದ್ದು, ಒಂದಿಷ್ಟು ಚರೆ ತೆಗೆದುಕೊಂಡ. ದಾರಿಯುದ್ದಕ್ಕೂ ಎತ್ತುಗಳನ್ನು ಬಯ್ಯುತ್ತಾ ಬಂದ, ಅವು ಏನೂ ತಪ್ಪು ಮಾಡಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವನು ನಡುಮನೆಗೆ ಬಂದು ಅಜ್ಜನ ಕೋವಿಯನ್ನು ಗೂಟದಿಂದ ಇಳಿಸಿದ. ಅಜ್ಜಿ ಅವರೆಕಾಳು ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ, ಸುಲಿಯುವ ಕೈ ಮಾತ್ರ ನಿಂತಿತು. ಅವನು ಬಾಗಿಲು ದಾಟಿದ ಮೇಲೆ ಎದ್ದು, ರಾಗಿಯ ಗುಡಾಣದೊಳಗೆ ಮೊಳಕೈ ತನಕ ಕೈಬಿಟ್ಟು ಒಂದು ಸಣ್ಣ ತಗಡಿನ ಡಬ್ಬಿ ತೆಗೆದಳು. ಅಜ್ಜನ ಕಾಲದ ಕೇಪುಗಳು, ಒಂದಕ್ಕೂ ಕಿಲುಬು ಹಿಡಿದಿರಲಿಲ್ಲ. "ಕೇಪಿಲ್ದೆ ಏನ್ ಊದ್ತಾನಂತಾ? ಕೊಟ್ಬುಟ್ಟು ಬಾ" ಎಂದಳು. ನಾನು ಓಡಿದೆ. ಗದ್ದೆಯಲ್ಲಿ ಹಂದಿ ಕಾಯಲು ಕಟ್ಟಿದ ಅಟ್ಟಣೆಯ ಕೆಳಗೆ ಚಿಕ್ಕಪ್ಪ ಕೋವಿಯನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದ. ಡಬ್ಬಿ ನೋಡಿ ಅವನ ಮುಖ ಒಂದು ಗಳಿಗೆ ಮೆತ್ತಗಾಯಿತು. ಆಮೇಲೆ ಬೇರೆ ಕಡೆ ತಿರುಗಿ ಹೇಳಿದ.

"ಹಂದಿಗೆ ಎಷ್ಟು ತುಂಬಾದು ಕೇಳ್ಕೊಂಡು ಬಾ. ನಾನ್ ಕೇಳ್ದೆ ಅನ್ಬ್ಯಾಡ. ಸುಮ್ಕೆ ಕೇಳು."

ಅದು ಅವನ ಸೋಲು, ನನ್ನ ಗೆಲುವು ಎಂದುಕೊಂಡು ಹಿಂದಕ್ಕೆ ಓಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಅವನು ತಾಯಿಯನ್ನು ಒಂದು ಮಾತು ಕೇಳಿದ್ದ. ಅಜ್ಜಿಗೆ ಅರ್ಥವಾಗದೆ ಇರುತ್ತದೆಯೇ?

"ಅವ್ನೇ ಬಂದು ಕೇಳ್ಲಿ. ತುಂಬ್ಕೊಡ್ತೀನಿ" ಎಂದಳು ಮೊದಲು. ನಾನು ಅವಳ ಸೆರಗು ಹಿಡಿದು ನಿಂತೆ. ಇನ್ನು ನಾಲ್ಕು ಅವರೆಕಾಯಿ ಸುಲಿದಳು. ಕೊನೆಗೆ ಎರಡೂ ಕೈ ಎತ್ತಿ, ಒಂದರ ನಾಲ್ಕು ಬೆರಳು, ಇನ್ನೊಂದರ ಎರಡು ಬೆರಳು ಒಂದರ ಮೇಲೊಂದು ಇಟ್ಟು ತೋರಿಸಿದಳು. ಕಡ್ಡಿಯಂಥ ಬೆರಳುಗಳು.

"ನನ್ ಬೆಟ್ನಾಗೆ ಆರು ಅನ್ನು. ನನ್ ಬೆಟ್ನಾಗೆ."

ನಾನು ಬದುವಿನ ದಾರಿ ಹಿಡಿದೆ. ಹೊತ್ತು ಇಳಿಯುತ್ತಿತ್ತು, ಕಾಲುವೆಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಕಬ್ಬಿನ ಸೂಲಂಗಿಯ ತೆನೆ ಅಲುಗದೆ ನಿಂತಿತ್ತು. ಎಂದಿನ ಅಭ್ಯಾಸದಂತೆ ಬಾಯಿಯೊಳಗಿನ ಮಾತನ್ನು ಹೊರಳಿಸಿ ನೋಡಿದೆ, ಮುಳ್ಳು ಎಲ್ಲಿದೆ ಎಂದು. ಸಿಕ್ಕಿತು. ನನ್ ಬೆಟ್ನಾಗೆ, ನನ್ ಬೆಟ್ನಾಗೆ. ಎರಡು ಸಲ ನನ್ನ, ನನ್ನ. ಇದನ್ನು ಹೀಗೇ ಹೇಳಿದರೆ ಚಿಕ್ಕಪ್ಪ, "ಓಹೋ, ಇವಳ ಬೆಟ್ಟೇನು ಬಂಗಾರದ್ದಾ" ಎಂದು ಸಿಡಿಯುತ್ತಾನೆ, ಆದದ್ದೆಲ್ಲ ಹಾಳಾಗುತ್ತದೆ. ಹುಣಸೆಮರದ ಬುಡದಲ್ಲಿ ಆ ಮಾತನ್ನು ಬಿಟ್ಟೆ. ಅಲ್ಲಿ ನಿಂತು ಉಸಿರು ತೆಗೆದುಕೊಂಡದ್ದೂ ನೆನಪಿದೆ.

"ಆರು ಬೆಟ್ಟಂತೆ ಚಿಕ್ಕಪ್ಪ. ಉಸಾರಾಗಿ ಒಡಿ ಮಗಾ ಅಂತು ಅಜ್ಜಿ."

ಚಿಕ್ಕಪ್ಪ ನನ್ನ ಮುಖ ನೋಡಿ ಸಣ್ಣಗೆ ನಕ್ಕ. ಆಮೇಲೆ ತುಂಬಿದ. ಮದ್ದು, ನಾರು, ಚರೆ, ನಾರು. ಗಜದ ಕಡ್ಡಿ ಬಿಟ್ಟು, ಹೊರಗೆ ಉಳಿದದ್ದಕ್ಕೆ ತನ್ನ ಬೆರಳು ಅಡ್ಡ ಇಟ್ಟ. ನೇಗಿಲು ಹಿಡಿದು ಆರಂಬ ಮಾಡಿ ಮಾಡಿ ಬಾಳೆಕಾಯಿಯ ಹಾಗೆ ದಪ್ಪಗಾದ ಬೆರಳುಗಳು. ಆರಕ್ಕೆ ಸಾಲಲಿಲ್ಲ. ನಾರು ಕೆದಕಿ ತೆಗೆದು, ಚರೆ ಹೊರಗೆ ಸುರಿದು, ಇನ್ನಷ್ಟು ಮದ್ದು ಹಾಕಿ, ಮತ್ತೆ ಮೊದಲಿನಿಂದ ಕುಟ್ಟಿ ಅಳೆದ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆರು ತುಂಬಿದಾಗ ನನಗೂ ಸಮಾಧಾನವಾಯಿತು. "ಮನೇಗ್ ಓಗು, ಹಂದಿ ಬರೋ ಹೊತ್ತು" ಎಂದ.

ನಾನು ಹುಣಸೆಮರ ದಾಟಿರಲಿಲ್ಲ, ಸದ್ದು ಬಂತು. ಅಂಥ ಸದ್ದನ್ನು ನಾನು ಆಮೇಲೆಯೂ ಕೇಳಿಲ್ಲ. ಗದ್ದೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ತಿರುಗಿ ಓಡಿದರೆ ಅಟ್ಟಣೆಯ ಮೇಲೆ ಬಿಳಿಯ ಹೊಗೆ, ಕೋವಿ ಒದ್ದ ಒದೆಗೆ ಉರುಳಿದ ಚಿಕ್ಕಪ್ಪ ಕೆಳಗೆ ಬದುವಿನ ಕಲ್ಲಿನ ಮೇಲೆ, ಒಂದು ತೋಳು ಅಡಿಗೆ ಸಿಕ್ಕಿ ಬೇರೆಯವರದು ಎಂಬಂತೆ ಮಡಿಚಿಕೊಂಡಿತ್ತು. ಕೋವಿ ದೂರ ಬಿದ್ದಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಹೊಸ ನಳಿಗೆಯಾಗಿದ್ದರೂ ಸೀಳಿಹೋಗುತ್ತಿತ್ತು, ಇದು ತಡೆದದ್ದೇ ದೊಡ್ಡದು ಎಂದು ಸಾಬರು ಮುಂದೆ ಹೇಳಿದರು. ನಳಿಗೆಗೆ ಅಷ್ಟು ಬಲ ಇದ್ದದ್ದಕ್ಕೇ ಅಜ್ಜನ ಕೋವಿ ಮಗನ ಕಣ್ಣು ಉಳಿಸಿತು. ಭುಜವನ್ನು ಮಾತ್ರ ಉಳಿಸಲಿಲ್ಲ. ನಾನು ಕೂಗಿಕೊಂಡ ಕೂಗಿಗೆ ಪಕ್ಕದ ಹೊಲದವರು ಬಂದರು.

ಕಂಬಳಿಯಲ್ಲಿ ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದರು. ಮೂಳೆ ಕಟ್ಟುವವನಿಗೆ ಹೇಳಿಕಳಿಸಿದ್ದಾಯಿತು. ಅಜ್ಜಿ ಕೊಟ್ಟಿಗೆಯಿಂದ ಬಂದಳು, ಕೈಯೆಲ್ಲ ಸಗಣಿ. ಅಳಲಿಲ್ಲ. ಮಗನ ಪಕ್ಕ ಕೂತು, ಅವನ ಒಳ್ಳೆಯ ಕೈಯನ್ನು ಎತ್ತಿ ತನ್ನ ಕೈಯ ಪಕ್ಕ ಇಟ್ಟುಕೊಂಡು ನೋಡಿದಳು. ಅವನ ಒಂದು ಬೆರಳಿಗೆ ಅವಳದು ಒಂದೂವರೆ. ನೋಡಿದ ಮೇಲೆ ನನ್ನ ಕಡೆ ತಿರುಗಿದಳು.

"ನಿಂಗಿ. ನನ್ ಬೆಟ್ನಾಗೆ ಅಂತ ಏಳ್ದಾ, ಇಲ್ವಾ?"

ಜಗಲಿಯ ತುಂಬ ಜನ. ಅಪ್ಪ, ಅವ್ವ, ಹೊತ್ತು ತಂದವರು. ಎಲ್ಲರೂ ನನ್ನನ್ನು ನೋಡಿದರು. ಎರಡು ವರ್ಷ ಎಲ್ಲರ ಮಾತನ್ನೂ ಆಡಿದವಳಿಗೆ ತನ್ನದೊಂದು ಮಾತು ಸಿಗಲಿಲ್ಲ. ಆಗ ಕಣ್ಣು ಮುಚ್ಚಿಕೊಂಡೇ ಚಿಕ್ಕಪ್ಪ ಹೇಳಿದ.

"ಏಳಿದ್ಲು ಕಣವ್ವ. ನಿನ್ ಬೆಟ್ನಾಗೇ ಅಂದ್ಲು. ನಾನೇ ಕೊಬ್ಬು ಮಾಡ್ದೆ."

ಅಜ್ಜಿ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಕೊಬ್ಬೇ ಕಣ್ಲಾ ನಿಂದು. ಉಟ್ದಾಗ್ಲಿಂದ್ಲೂ ಕೊಬ್ಬೇ. ನಿಮ್ಮಪ್ಪಂದೂ ಇಂಗೇ ದಪ್ಪ ಬೆಟ್ಟು. ಅದ್ಕೇ ಅವ್ನ ಕೈಗೆ ಬುಡ್ತಿರ್ಲಿಲ್ಲ ನಾನು." ಆಮೇಲೆ ದನಿ ಇಳಿಸಿ, "ನೋಯ್ತದಾ?"

"ಊಂ ಕಣವ್ವ. ಬೋ ನೋಯ್ತದೆ."

ನಾನು ಕಂಬ ತಬ್ಬಿಕೊಂಡು ಅತ್ತೆ. ಚಿಕ್ಕಪ್ಪನ ನೋವು ನೋಡಲಾರದೆ ಕೂಸು ಅಳುತ್ತಿದೆ ಎಂದು ಯಾರೋ ನನ್ನ ತಲೆ ಸವರಿದರು.

ವಾರಗಟ್ಟಲೆ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಒಂದು ದಿನ ಅವನಿಗೆ ಅಂಬಲಿ ಕೊಡಲು ಹೋದವಳು, ಚೊಂಬು ಕೆಳಗಿಟ್ಟು, ಯಾಕೆ ಸುಳ್ಳು ಹೇಳಿದೆ ಚಿಕ್ಕಪ್ಪ ಎಂದು ಕೇಳಿಯೇಬಿಟ್ಟೆ. ಅವನು ಎಡಗೈಯಲ್ಲಿ ಚೊಂಬು ಎತ್ತಿಕೊಂಡ.

"ನಮ್ಮವ್ವ ನನ್ನ ಮಗಾ ಅಂತ ಏಳಿ ಕಳ್ಸೋಳಾ? ನಂಗೊತ್ತಿರ್ಲಿಲ್ವಾ? ಎರಡು ವರ್ಸ ಒಂದಿನಾನೂ ತಪ್ದಂಗೆ ನಮ್ಗೋಸ್ಕರ ಸುಳ್ಳು ಏಳ್ದೆ ನೀನು. ನಿಂಗೋಸ್ಕರ ನಾನೊಂದು ಏಳ್ಬಾರ್ದಾ?"

ಅಂಬಲಿ ಕುಡಿದು ಚೊಂಬು ಕೊಟ್ಟ. ಆ ಬಲತೋಳು ಆಮೇಲೆ ಭುಜದ ಮೇಲಕ್ಕೆ ಏಳಲೇ ಇಲ್ಲ. ಅಜ್ಜಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿವರೆಗೆ ಬಂತು, ಹೇಳಲಿಲ್ಲ, ಅವಳು ಹೋದಳು. ಈ ತಪ್ಪು ನನ್ನದು, ನನ್ನ ಬೆಟ್ಟಿನಲ್ಲೇ ಅಳೆದದ್ದು. ಅವಳಿದ್ದಷ್ಟು ಕಾಲ, ಶನಿವಾರ ಬಂದರೆ ಅಜ್ಜಿ ಮೂವತ್ತು ದಾಟಿದ ಮಗನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ಎತ್ತಲಾಗದವನಿಗೆ ಬೇರೆ ಯಾರು ತಿಕ್ಕಬೇಕು? "ಕತ್ತು ಬಗ್ಗ್ಸೋ ಮುಂಡೇದೆ" ಎಂದು ಅವಳು, "ವಸಿ ಮೆತ್ತಗೆ ತಿಕ್ಕವ್ವ, ಇದೇನು ಎಮ್ಮೆ ತಲೆನಾ" ಎಂದು ಅವನು. ನಾನು ಹಿತ್ತಲ ಬಾಗಿಲಲ್ಲಿ ಬಿಸಿನೀರಿನ ಹಂಡೆಯ ಪಕ್ಕ ಸುಮ್ಮನೆ ನಿಂತಿರುತ್ತಿದ್ದೆ. ಒಬ್ಬರ ಮಾತೂ ನನ್ನ ಮೂಲಕ ಹೋಗುತ್ತಿರಲಿಲ್ಲ.